ರಿಜಿಸ್ಟರ್‌ನಲ್ಲಿ ಇಲ್ಲದ ಕಾಲಂ

ಕೊಳಚೆ ನೀರಿಗೂ ಒಂದು ರಶ್ ಅವರ್ ಇದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಅದು ಬೆಳಿಗ್ಗೆ ಏಳರಿಂದ ಒಂಬತ್ತೂವರೆ. ಸ್ಕೂಲ್ ವ್ಯಾನು ಹಿಡಿಯುವ ಮಕ್ಕಳು, ಲಾಗಿನ್ ಆಗಬೇಕಾದ ದೊಡ್ಡವರು, ಎಲ್ಲರ ಸ್ನಾನ ಶೌಚ ಮುಗಿದು ನೀರು ಒಟ್ಟಿಗೆ ಕೆಳಗಿಳಿಯುವ ಹೊತ್ತು. ನನ್ನ ಎಂ.ಎಸ್ಸಿ. ಮೈಕ್ರೋಬಯಾಲಜಿ ಪ್ರಾಜೆಕ್ಟಿಗೆ ಬೇಕಾಗಿದ್ದದ್ದು ಆ ಹೊತ್ತಿನ ನೀರು. ಮಧ್ಯಾಹ್ನ ಹೋದರೆ ಪಾತ್ರೆ ತೊಳೆದದ್ದು, ಬಟ್ಟೆ ಒಗೆದದ್ದೇ ಜಾಸ್ತಿ. ಹಾಗಾಗಿ ಊರೆಲ್ಲ ತಿಂಡಿ ತಿನ್ನುವಾಗ ನಾನು ಯಾರದೋ ಬೇಸ್‌ಮೆಂಟಿನಲ್ಲಿ ಗ್ಲೌಸು, ಮಾಸ್ಕು, ಗಂಬೂಟು ಹಾಕಿಕೊಂಡು ನಿಂತಿರುತ್ತಿದ್ದೆ.

ಕೇಳಬೇಕಾದ ಪ್ರಶ್ನೆ ಒಂದೇ. ಎಸ್‌ಟಿಪಿಯ, ಅಂದರೆ ಕೊಳಚೆ ಶುದ್ಧೀಕರಣ ಘಟಕದ, ಒಳಗೆ ಬರುವ ನೀರಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾಗಳಲ್ಲಿ ಎಷ್ಟು ಪಾಲು ಆಂಟಿಬಯೋಟಿಕ್ ಔಷಧಿಗೆ ಬಗ್ಗದವು, ಶುದ್ಧವಾಗಿ ಹೊರಗೆ ಹೋಗುವ ನೀರಿನಲ್ಲಿ ಎಷ್ಟು ಪಾಲು? ಇ. ಕೋಲೈ ಎಲ್ಲರ ಕರುಳಲ್ಲೂ ಇರುತ್ತದೆ. ಬಹುಪಾಲು ತನ್ನ ಪಾಡಿಗೆ ತಾನಿರುತ್ತದೆ. ಆದರೆ ಮೂತ್ರದ ಸೋಂಕು ಎಂದು ಡಾಕ್ಟರ ಹತ್ತಿರ ಹೋಗುವವರಲ್ಲಿ ಹೆಚ್ಚಿನವರಿಗೆ ತೊಂದರೆ ಕೊಟ್ಟಿರುವುದೂ ಇದೇ. ಊರಿನ ಪ್ರತಿಯೊಬ್ಬರ ಮಲ ಪರೀಕ್ಷೆ ಮಾಡಲು ಆಗುವುದಿಲ್ಲ, ಯಾರೂ ಒಪ್ಪುವುದೂ ಇಲ್ಲ. ಚರಂಡಿ ನೀರಿನಲ್ಲಿ ಅದು ತಾನಾಗಿಯೇ ಸೇರಿ ಬಂದಿರುತ್ತದೆ, ಯಾರ ಹೆಸರೂ ಇಲ್ಲದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 'ಟ್ರೈಸೈಕಲ್' ಅನ್ನುವ ಕಾರ್ಯವಿಧಾನವನ್ನು ಪ್ರಕಟಿಸಿತು. ಮನುಷ್ಯ, ಆಹಾರ, ಪರಿಸರ ಈ ಮೂರರಲ್ಲೂ ಒಂದೇ ಬ್ಯಾಕ್ಟೀರಿಯಾವನ್ನು ಒಂದೇ ರೀತಿಯಲ್ಲಿ ಹುಡುಕಿ ಹೋಲಿಸಿ ನೋಡುವುದು ಅದರ ಉದ್ದೇಶ. ದೊಡ್ಡ ಯಂತ್ರ ಬೇಡ, ಇನ್‌ಕ್ಯುಬೇಟರ್ ಇರುವ ಸಾಮಾನ್ಯ ಕಾಲೇಜು ಲ್ಯಾಬು ಸಾಕು. ನಮ್ಮ ಗೈಡ್ ಮೇಡಂಗೆ ಅದು ಹಿಡಿಸಿದ್ದೇ ಆ ಕಾರಣಕ್ಕೆ.

ಬೆಂಗಳೂರಿನಲ್ಲಿ ದೊಡ್ಡ ಅಪಾರ್ಟ್‌ಮೆಂಟುಗಳು ತಮ್ಮ ಕೊಳಚೆಯನ್ನು ತಾವೇ ಶುದ್ಧ ಮಾಡಿಕೊಳ್ಳಬೇಕು. ಆ ನೀರು ಎರಡನೇ ಪೈಪಿನಲ್ಲಿ ಮತ್ತೆ ಮೇಲೇರಿ ಫ್ಲಶ್ಶಿಗೆ ಹೋಗುತ್ತದೆ, ತೋಟದ ಹುಲ್ಲಿಗೆ ಹೋಗುತ್ತದೆ. ಕಳಿಸಿದವರ ಮನೆಗೇ ವಾಪಸು ಬರುವ ಕೊಳಚೆ ಬೇರೆಲ್ಲಿ ಸಿಗಬೇಕು? ನನಗೆ ಅನುಮತಿ ಕೊಟ್ಟ ಅಪಾರ್ಟ್‌ಮೆಂಟಿನ ಹೆಸರು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಬರೆಯುವ ಅಗತ್ಯವೂ ಇಲ್ಲ. ಅದು ಚೆನ್ನಾಗಿ ನಡೆಯುವ ಎಸ್‌ಟಿಪಿ.

ಚೆನ್ನಾಗಿ ನಡೆಯುತ್ತಿದೆ ಎಂದು ಮೂಗಿಗೇ ಗೊತ್ತಾಗುತ್ತದೆ. ಇನ್‌ಲೆಟ್ ಹತ್ತಿರ ಹೊಟ್ಟೆ ತೊಳಸುವ ವಾಸನೆ. ಹತ್ತು ಹೆಜ್ಜೆ ಆಚೆ ಏರೇಷನ್ ಟ್ಯಾಂಕಿನ ಮೇಲೆ ನಿಂತರೆ ಹಸಿ ಮಣ್ಣಿನ ವಾಸನೆ, ಅಷ್ಟೇ. ಬ್ಲೋವರ್ ಗಾಳಿಗೆ ಕಂದು ನೀರು ಸದಾ ಕುದಿಯುತ್ತಲೇ ಇರುತ್ತದೆ. ಆ ಕಂದು ಬಣ್ಣವೆಲ್ಲ ಬ್ಯಾಕ್ಟೀರಿಯಾ. ಕೊಳಚೆಯನ್ನು ತಿಂದು ಮುಗಿಸಲಿ ಎಂದು ನಾವೇ ಸಾಕಿಕೊಂಡಿರುವವು. ಆಪರೇಟರ್ ರಾಯಚೂರಿನ ಕಡೆಯವರು. ಮೊದಲ ದಿನ ನಾನು ಮಾಸ್ಕ್ ಮೇಲೆ ಮಾಸ್ಕ್ ಹಾಕಿದ್ದು ನೋಡಿ ನಕ್ಕರು. "ಎರಡು ದಿನ ಅಷ್ಟ ರೀ ಮೇಡಂ, ಆಮ್ಯಾಲೆ ಮೂಗಿಗೆ ಗೊತ್ತಾಗಂಗಿಲ್ಲ." ಅವರ ಕೈಗೆ ಗ್ಲೌಸ್ ಇರಲಿಲ್ಲ. ಬಾರ್ ಸ್ಕ್ರೀನಿಗೆ ಸಿಕ್ಕಿಕೊಂಡ ಪ್ಯಾಡು, ವೈಪ್ಸು, ಕೂದಲನ್ನು ಕುಂಟೆಯಲ್ಲಿ ಎಳೆದು, ಬರದಿದ್ದದ್ದನ್ನು ಕೈಯಲ್ಲೇ ಬಿಡಿಸುತ್ತಿದ್ದರು.

ಗೋಡೆಯ ಮೊಳೆಗೆ ಒಂದು ರಿಜಿಸ್ಟರ್ ನೇತುಹಾಕಿತ್ತು. ಪಿಎಚ್, ಬಿಒಡಿ, ಸಿಒಡಿ (ನೀರಿನಲ್ಲಿ ಕೊಳೆ ಎಷ್ಟು ಉಳಿದಿದೆ ಎಂದು ಹೇಳುವ ಅಳತೆಗಳು), ತೇಲುವ ಘನವಸ್ತು, ಕ್ಲೋರಿನ್. ಎಲ್ಲ ಕಾಲಂಗಳೂ ತುಂಬಿದ್ದವು, ಎಲ್ಲವೂ ಮಿತಿಯೊಳಗೆ. ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಎಸ್‌ಟಿಪಿ ಮಾನದಂಡದಲ್ಲಿ ಬ್ಯಾಕ್ಟೀರಿಯಾಕ್ಕೆ ಅಂತ ಇರುವುದು ಒಂದೇ ಅಂಕಿ: ಮಲಮೂಲದ ಕೋಲಿಫಾರ್ಮ್ 100 ಮಿ.ಲೀ.ಗೆ 1000ಕ್ಕಿಂತ ಕಡಿಮೆ ಇರಬೇಕು. ಎಷ್ಟು ಇವೆ ಎಂದು ಕೇಳುತ್ತದೆ, ಎಂಥವು ಎಂದು ಕೇಳುವುದಿಲ್ಲ.

ಸ್ಯಾಂಪಲ್ ತೆಗೆಯುವುದು ಅಂದರೆ ಬಾಟಲಿ ಅದ್ದುವುದು ಎಂದುಕೊಂಡವರಿಗೆ ಒಂದು ಮಾತು. ಹೊರಹೋಗುವ ನೀರಿನ ಬಾಟಲಿಯೊಳಗೆ ಮೊದಲೇ ಒಂದಿಷ್ಟು ಸೋಡಿಯಂ ಥಯೋಸಲ್ಫೇಟ್ ಹಾಕಿ ಆಟೋಕ್ಲೇವ್‌ನಲ್ಲಿ, ಅಂದರೆ ಒತ್ತಡದ ಹಬೆಯಲ್ಲಿ, ಕ್ರಿಮಿಶುದ್ಧ ಮಾಡಿರಬೇಕು. ಇಲ್ಲದಿದ್ದರೆ ನೀರಿನಲ್ಲಿ ಉಳಿದ ಕ್ಲೋರಿನ್ ಲ್ಯಾಬು ತಲುಪುವವರೆಗೂ ಕೊಲ್ಲುತ್ತಲೇ ಇರುತ್ತದೆ. ಬೇಸ್‌ಮೆಂಟಿನಲ್ಲಿ ಬದುಕಿದ್ದದ್ದು ಸಿಗ್ನಲ್ಲಿನಲ್ಲಿ ಸತ್ತರೆ ರಿಪೋರ್ಟ್ ಚೆಂದವಾಗಿ ಬರುತ್ತದೆ, ಸುಳ್ಳಾಗಿರುತ್ತದೆ. ಆಮೇಲೆ ಐಸ್ ಡಬ್ಬ, ಆಟೋ. "ಏನು ಮೇಡಂ ಅದು?" ಎಂದರೆ "ನೀರಿನ ಸ್ಯಾಂಪಲ್" ಅನ್ನುತ್ತಿದ್ದೆ. ಯಾವ ನೀರು ಎಂದು ಯಾರೂ ಮುಂದೆ ಕೇಳಲಿಲ್ಲ, ಒಳ್ಳೆಯದೇ ಆಯಿತು.

ಲ್ಯಾಬಿನ ಕೆಲಸದ ಬಹುಭಾಗ ತೆಳು ಮಾಡುವುದು. ಒಂದು ಮಿ.ಲೀ. ಕೊಳಚೆಗೆ ಒಂಬತ್ತು ಮಿ.ಲೀ. ಸಲೈನ್, ಅದರಿಂದ ಒಂದು ಮಿ.ಲೀ. ತೆಗೆದು ಮತ್ತೆ ಒಂಬತ್ತಕ್ಕೆ, ಹೀಗೇ ಕೆಳಕ್ಕೆ. ಸಾವಿರ ಪಟ್ಟು ತೆಳುವಾದದ್ದರಿಂದ 0.1 ಮಿ.ಲೀ. ಪ್ಲೇಟಿಗೆ ಹರಡಿದರೆ ಬೆಳೆದ ಪ್ರತಿ ಕಾಲೊನಿ ಮೂಲ ನೀರಿನ ಒಂದು ಮಿ.ಲೀ.ನಲ್ಲಿದ್ದ ಹತ್ತು ಸಾವಿರಕ್ಕೆ ಲೆಕ್ಕ. ಪ್ರತಿ ಸ್ಯಾಂಪಲ್ಲಿಗೂ ಎರಡು ಜೊತೆ ಪ್ಲೇಟು. ಒಂದು ಜೊತೆ ಬರೀ ಟಿಬಿಎಕ್ಸ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ), ಅದರಲ್ಲಿ ಇ. ಕೋಲೈ ನೀಲಿ-ಹಸಿರಾಗಿ ಕಾಣುತ್ತದೆ. ಇನ್ನೊಂದು ಜೊತೆಯ ಅಗಾರ್‌ಗೆ ಮಿ.ಲೀ.ಗೆ 4 ಮೈಕ್ರೋಗ್ರಾಂನಂತೆ ಸೆಫೊಟ್ಯಾಕ್ಸಿಮ್ ಸೇರಿಸಿರುತ್ತೇವೆ. ಸೆಫೊಟ್ಯಾಕ್ಸಿಮ್ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್, ಮೂರನೇ ತಲೆಮಾರಿನ ಸೆಫಲೊಸ್ಪೊರಿನ್ ಬಗೆಯ ಆಂಟಿಬಯೋಟಿಕ್. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸೆಫಿಕ್ಸಿಮ್ ಮಾತ್ರೆ ಇದರ ದಾಯಾದಿ. ಆ ಪ್ಲೇಟಿನ ಮೇಲೆ ಏನಾದರೂ ಬೆಳೆದರೆ ಔಷಧಿಯ ನಡುವೆಯೇ ಬೆಳೆದಿದೆ ಎಂದರ್ಥ.

ಮರುದಿನ ಇನ್‌ಕ್ಯುಬೇಟರ್ ಬಾಗಿಲು ತೆಗೆದಾಗ ಸೆಫೊಟ್ಯಾಕ್ಸಿಮ್ ಪ್ಲೇಟುಗಳ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ ಇರಬಹುದು ಅಂದುಕೊಂಡಿದ್ದೆ. ಒಳಬರುವ ನೀರಿನ ಮೊದಲ ತೆಳುವಿನಲ್ಲಿ ಎಣಿಸಲಾಗದಷ್ಟು ಒತ್ತಾಗಿ ಬೆಳೆದಿದ್ದವು, ಪ್ಲೇಟಿನ ಅಂಚಿನವರೆಗೂ ನೀಲಿ-ಹಸಿರು. ಪಕ್ಕದ ಔಷಧಿಯಿಲ್ಲದ ಪ್ಲೇಟಿಗಿಂತ ಕಡಿಮೆ ಹೌದು, ಆದರೆ ಪಕ್ಕದಲ್ಲಿಟ್ಟು ನೋಡದಿದ್ದರೆ ವ್ಯತ್ಯಾಸ ಹೇಳುವುದು ಕಷ್ಟ. ಹೊರಹೋಗುವ ನೀರಿನ ಕಥೆ ಬೇರೆ. ಅಲ್ಲಿ ಎರಡು ಬಗೆಯ ಪ್ಲೇಟುಗಳಲ್ಲೂ ಕಾಲೊನಿಗಳು ಭಾರಿ ಇಳಿದಿದ್ದವು. ಎಸ್‌ಟಿಪಿ ತನ್ನ ಕೆಲಸ ಮಾಡಿತ್ತು. ಆದರೆ ಉಳಿದವುಗಳಲ್ಲಿ ಬಗ್ಗದವುಗಳ ಪಾಲು ಎಷ್ಟೆಂದು ಭಾಗಿಸಿ ನೋಡಿದರೆ ಒಳಬಂದದ್ದಕ್ಕೂ ಹೊರಹೋದದ್ದಕ್ಕೂ ಅಂಥ ವ್ಯತ್ಯಾಸವಿಲ್ಲ. ಸಂಖ್ಯೆ ಬಿದ್ದಿದೆ, ಪಾಲು ಅಲ್ಲೇ ನಿಂತಿದೆ. ಎಲ್ಲ ಎಸ್‌ಟಿಪಿಗಳಲ್ಲೂ ಹೀಗೇ ಆಗಬೇಕೆಂದಿಲ್ಲ. ಆದರೆ ಯೋಚಿಸಿದರೆ ಆಶ್ಚರ್ಯಪಡುವಂಥದ್ದೂ ಏನಿಲ್ಲ. ಕ್ಲೋರಿನ್‌ಗೆ ಯಾವ ಬ್ಯಾಕ್ಟೀರಿಯಾದ ಬಳಿ ಯಾವ ಜೀನ್ ಇದೆ ಎಂದು ಗೊತ್ತಿಲ್ಲ.

ಏರೇಷನ್ ಟ್ಯಾಂಕಿನ ಬಗ್ಗೆ ನನಗೆ ನಿಜವಾದ ಕಳವಳ ಶುರುವಾದದ್ದು ಇಲ್ಲಿಂದ. ಈ ಪ್ರತಿರೋಧದ ಜೀನ್‌ಗಳು ಹೆಚ್ಚಾಗಿ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಯ ಮೇಲೆ ಕೂತಿರುತ್ತವೆ. ಒಂದು ಬ್ಯಾಕ್ಟೀರಿಯಾ ಅದರ ಪ್ರತಿಯನ್ನು ಇನ್ನೊಂದಕ್ಕೆ ದಾಟಿಸಬಲ್ಲದು. ಬ್ಯಾಕ್ಟೀರಿಯಾಗಳು ಹೀಗೆ ಜೀನ್ ಹಂಚಿಕೊಳ್ಳುತ್ತವೆ ಎಂದು ಲೆಡರ್‌ಬರ್ಗ್ ಮತ್ತು ಟೇಟಂ 1946ರಲ್ಲೇ ತೋರಿಸಿದ್ದರು. ಪಕ್ಕದ ಮನೆಗೆ ಮೊಸರಿನ ಹೆಪ್ಪು ಕೊಟ್ಟ ಹಾಗೆ: ಕೊಟ್ಟವರ ಪಾತ್ರೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ, ಇಸಕೊಂಡವರ ಮನೆಯಲ್ಲಿ ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ. ಅದಕ್ಕೆ ಬೇಕಾದ ದಟ್ಟಣೆ, ಬೆಚ್ಚಗಿನ ಜಾಗ, ಒಂದಕ್ಕೊಂದು ಅಂಟಿಕೊಂಡು ಕೂರುವ ಸ್ಲಡ್ಜ್ ಎಂಬ ಕೆಸರು, ಮೇಲಿನಿಂದ ಇಳಿದುಬರುವ ಅಷ್ಟಿಷ್ಟು ಔಷಧಿ, ಎಲ್ಲವೂ ಆ ಟ್ಯಾಂಕಿನಲ್ಲಿದೆ.

ಕಾಲೊನಿಗಳನ್ನು ಆರಿಸಿ, ಇ. ಕೋಲೈ ಹೌದೇ ಎಂದು ನೋಡುವ ಇಂಡೋಲ್ ಪರೀಕ್ಷೆಯಲ್ಲಿ ಕೆಂಪು ಉಂಗುರ ಬಂದವನ್ನು ಮಾತ್ರ ಉಳಿಸಿಕೊಂಡು ಡಿಸ್ಕ್ ಟೆಸ್ಟಿಗೆ ಹಾಕಿದೆ. ಇದು ಆಸ್ಪತ್ರೆಗಳಲ್ಲಿ ದಿನಾ ನಡೆಯುವ ಪರೀಕ್ಷೆಯೇ. 4 ಮಿ.ಮೀ. ದಪ್ಪದ ಅಗಾರ್ ಮೇಲೆ ಬ್ಯಾಕ್ಟೀರಿಯಾವನ್ನು ಸ್ವಾಬ್‌ನಲ್ಲಿ ಒಂದೇ ಸಮನೆ ಹರಡಿ, ಔಷಧಿ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಚಿಮಟದಲ್ಲಿ ಇಡುವುದು. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ತಿಳಿಯಾದ ವೃತ್ತ ಬಿಡುತ್ತದೆ. ಅದನ್ನು 'ಝೋನ್' ಅನ್ನುತ್ತೇವೆ, ಪ್ಲೇಟನ್ನು ಮಗುಚಿ ಸ್ಕೇಲಿನಲ್ಲಿ ಅಳೆಯುತ್ತೇವೆ. ಸೆಫೊಟ್ಯಾಕ್ಸಿಮ್‌ಗೆ 26 ಮಿ.ಮೀ. ಅಥವಾ ಹೆಚ್ಚಿದ್ದರೆ ಔಷಧಿ ನಾಟುತ್ತದೆ, 22 ಅಥವಾ ಕಡಿಮೆಯಾದರೆ ಇಲ್ಲ. ಬಿಲ್ಲೆಯದೇ ಅಗಲ 6 ಮಿ.ಮೀ. ಹಾಗಾಗಿ ಝೋನೇ ಇಲ್ಲದಿದ್ದರೆ ಸೊನ್ನೆ ಬರೆಯುವುದಿಲ್ಲ, 6 ಬರೆಯುತ್ತೇವೆ. ನನ್ನ ನೋಟ್‌ಬುಕ್ಕಿನಲ್ಲಿ ಸೆಫೊಟ್ಯಾಕ್ಸಿಮ್ ಕೆಳಗೆ 6, 6, 6 ಎಂದು ಸಾಲಾಗಿ ಇಳಿಯಿತು. ಇನ್ನೊಂದು ಆಂಟಿಬಯೋಟಿಕ್ ಸಿಪ್ರೊಫ್ಲಾಕ್ಸಾಸಿನ್ ಕಾಲಂನಲ್ಲೂ ಹೆಚ್ಚುಕಡಿಮೆ ಅದೇ.

ಒಂದು ಪ್ಲೇಟನ್ನು ಮಾತ್ರ ನೋಡುತ್ತಾ ಕೂತುಬಿಟ್ಟೆ. ನಡುವೆ ಅಮಾಕ್ಸಿಸಿಲಿನ್-ಕ್ಲಾವುಲಾನೇಟ್ ಬಿಲ್ಲೆ, ಪಕ್ಕದಲ್ಲಿ ಸೆಫೊಟ್ಯಾಕ್ಸಿಮ್ ಬಿಲ್ಲೆ. ಸೆಫೊಟ್ಯಾಕ್ಸಿಮ್‌ನ ಉಳಿದ ಮೂರೂ ಬದಿಯಲ್ಲಿ ಬ್ಯಾಕ್ಟೀರಿಯಾ ಬಿಲ್ಲೆಗೆ ಒತ್ತಿಕೊಂಡೇ ಬೆಳೆದಿದೆ. ನಡುವಿನ ಬಿಲ್ಲೆಯ ಕಡೆಗೆ ಮಾತ್ರ ತಿಳಿ ಜಾಗ ನಾಲಗೆ ಚಾಚಿ ಎರಡೂ ಝೋನ್ ಸೇರಿಕೊಂಡಿವೆ, ಕೀಲಿಕಂಡಿಯ ಆಕಾರದಲ್ಲಿ. ಬ್ಯಾಕ್ಟೀರಿಯಾ ಔಷಧಿಯನ್ನು ಕತ್ತರಿಸಿ ಹಾಕುವ ಕಿಣ್ವ ತಯಾರಿಸುತ್ತಿದೆ, ಕ್ಲಾವುಲಾನೇಟ್ ಹರಡಿದ ಜಾಗದಲ್ಲಿ ಆ ಕಿಣ್ವದ ಕೈಕಟ್ಟಿದೆ, ಅಲ್ಲಿ ಔಷಧಿ ಗೆದ್ದಿದೆ. ಇಎಸ್‌ಬಿಎಲ್ ಅನ್ನುವುದು ಇದನ್ನೇ. ಪಠ್ಯಪುಸ್ತಕದ ಚಿತ್ರ ನೋಡಿ ಪರೀಕ್ಷೆಯಲ್ಲಿ ಬಿಡಿಸಿದ್ದೆ. ಅದು ಯಾರದೋ ಮನೆಯ ಬಚ್ಚಲಿನಿಂದ ಹೀಗೆ ಎದ್ದು ಬರುತ್ತದೆ ಅಂದುಕೊಂಡಿರಲಿಲ್ಲ.

ಇಎಸ್‌ಬಿಎಲ್ ಇದ್ದರೆ ಡಾಕ್ಟರುಗಳು ಗಂಭೀರ ಸೋಂಕಿಗೆ ಹೋಗುವುದು ಮೆರೊಪೆನೆಂನಂಥ ಔಷಧಿಗೆ. ಒಳಬರುವ ನೀರಿನ ಒಂದು ಕಾಲೊನಿಯ ಮೆರೊಪೆನೆಂ ಬಿಲ್ಲೆಯ ಸುತ್ತಲೂ ಝೋನ್ ಇರಲಿಲ್ಲ. ನಾನು ಫೋಟೋ ತೆಗೆದು ಗೈಡ್ ಮೇಡಂಗೆ ಕಳಿಸಿದೆ. "ಮೊದಲು ಕಂಟ್ರೋಲ್ ನೋಡು, ಆಮೇಲೆ ಹೆದರು" ಎಂದು ಉತ್ತರ ಬಂತು. ಎಟಿಸಿಸಿ 25922 ಅನ್ನುವ ಸಾಧು ಇ. ಕೋಲೈ ಎಲ್ಲ ಲ್ಯಾಬುಗಳಲ್ಲೂ ಇರುತ್ತದೆ. ಅದರ ಝೋನ್ ನಿಗದಿತ ಅಳತೆಯೊಳಗೆ ಬಂದರೆ ಮಾತ್ರ ಬಿಲ್ಲೆ, ಅಗಾರ್, ಉಷ್ಣತೆ ಸರಿಯಿದೆ ಎಂದು ನಂಬಬಹುದು. ಸರಿಯಾಗಿಯೇ ಬಂದಿತ್ತು. ಹೊಸ ಪ್ಯಾಕೆಟ್ಟಿನ ಬಿಲ್ಲೆ ಹಾಕಿ ಮತ್ತೆ ಮಾಡಿದರೂ ಅದೇ 6. ಜೀನ್ ಪತ್ತೆ ಮಾಡುವ ಪಿಸಿಆರ್ ಇರುವ ಬೇರೆ ಲ್ಯಾಬಿನಲ್ಲಿ ಜೆಲ್ ಓಡಿಸಿದಾಗ 621 ಬೇಸ್‌ಪೇರ್ ಎತ್ತರದಲ್ಲಿ ಗೆರೆ ಮೂಡಿತು. ಎನ್‌ಡಿಎಂ: ಮೆರೊಪೆನೆಂನಂಥ ಔಷಧಿಯನ್ನೂ ಕತ್ತರಿಸುವ ಕಿಣ್ವದ ಜೀನ್.

ಆ ಹೆಸರಿನಲ್ಲಿರುವ 'ಎನ್‌ಡಿ' ಅಂದರೆ ನವದೆಹಲಿ. ದೆಹಲಿಯಲ್ಲಿ ಆಸ್ಪತ್ರೆ ಸೇರಿದ್ದ ಸ್ವೀಡನ್ನಿನ ರೋಗಿಯೊಬ್ಬರಲ್ಲಿ 2008ರಲ್ಲಿ ಮೊದಲು ಸಿಕ್ಕಿದ್ದಕ್ಕೆ ಆ ಹೆಸರು. ದೇಶದ ಮಾನ ಹೋಯಿತು ಎಂದು ಆಗ ದೊಡ್ಡ ಗಲಾಟೆಯೇ ಆಯಿತು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೆಹಲಿಯ ಬೀದಿಗಳಲ್ಲಿ ನಿಂತ, ಹರಿಯುವ ನೀರಿನ 171 ಸ್ಯಾಂಪಲ್‌ಗಳಲ್ಲಿ 51ರಲ್ಲಿ, ನಲ್ಲಿ ನೀರಿನ 50ರಲ್ಲಿ 2ರಲ್ಲಿ ಆ ಜೀನ್ ಕಂಡಿತ್ತು. ಹೆಸರಿನ ಜಗಳಕ್ಕೆ ಸಿಕ್ಕಷ್ಟು ಗಮನ ಆ ನಲ್ಲಿ ನೀರಿಗೆ ಸಿಗಬೇಕಿತ್ತು ಅಂತ ನನ್ನ ಅಭಿಪ್ರಾಯ.

ಕಾರ್ಖಾನೆಗಳದ್ದು ಇನ್ನೊಂದು ಅಧ್ಯಾಯ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಔಷಧ ಕಂಪನಿಗಳ ತ್ಯಾಜ್ಯ ಶುದ್ಧ ಮಾಡುವ ಘಟಕದಿಂದ ಹೊರಬಂದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇದೆ ಎಂದು ಸ್ವೀಡನ್ನಿನ ವಿಜ್ಞಾನಿ ಯೋಕಿಂ ಲಾರ್ಸನ್ ತಂಡ 2007ರಲ್ಲಿ ವರದಿ ಮಾಡಿತ್ತು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಅದು ಹಲವು ಪಟ್ಟು. ಇಂಥ ತ್ಯಾಜ್ಯಕ್ಕೆ ಆಂಟಿಬಯೋಟಿಕ್ ಮಿತಿ ಹಾಕುವ ಕರಡನ್ನು ನಮ್ಮ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಹೊರಡಿಸಿತು. 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳೇ ಇರಲಿಲ್ಲ. ನನ್ನ ಅಪಾರ್ಟ್‌ಮೆಂಟಿನ ಮೇಲ್ಗಡೆ ಯಾವ ಕಾರ್ಖಾನೆಯೂ ಇಲ್ಲ. ಬರೀ ಮನೆಗಳು.

ಈ ನಡುವೆ ಊರಿಗೆ ಹೋಗಿದ್ದೆ. ನಮ್ಮದು ಕೋಲಾರ. ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಮರು ತಿಂಗಳೇ ನೊರೆ ಎದ್ದಿತು, ಕೋರ್ಟಿಗೆ ಹೋಯಿತು, ಮತ್ತೆ ಹರಿಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಹೋರಾಟ ಆಗಿನಿಂದಲೂ ಇದೆ. ನನ್ನ ಸ್ಯಾಂಪಲ್‌ಗಳು ಆ ನೀರಿನವಲ್ಲ, ಅದರಲ್ಲೂ ಹೀಗೇ ಇದೆ ಎಂದು ಹೇಳುವ ಹಕ್ಕು ನನಗಿಲ್ಲ. ಅಪ್ಪನಿಗೆ ಅದನ್ನೇ ಹೇಳಿದೆ. ಅವರು ಟೊಮೆಟೊ ಗಿಡಕ್ಕೆ ದಾರ ಕಟ್ಟುತ್ತಾ ಕೇಳಿಸಿಕೊಂಡರು.

"ಹಂಗಂದ್ರೆ ಈ ನೀರು ಬ್ಯಾಡ ಅಂತೀಯಾ?"

"ಬ್ಯಾಡ ಅಂತಲ್ಲಪ್ಪಾ, ನೋಡ್ಕೊಂಡು ಬಳಸ್ಬೇಕು ಅಂತ."

"ಸಾವಿರದೈನೂರು ಅಡಿ ಕೊರೆಸಿ ಬರೀ ಧೂಳು ಬಂತಲ್ಲ, ಅವಾಗ ಯಾರೂ ಪ್ಲೇಟ್ ಹಾಕಿ ನೋಡ್ಲಿಲ್ಲ."

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ. ಕೆರೆ ತುಂಬಿ ಬತ್ತಿದ ಬೋರ್‌ಗಳಿಗೆ ನೀರು ಬಂದಿರುವುದು ಸುಳ್ಳಲ್ಲ. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನಾ, ಮೂಲಂಗಿಗೆ ಕೆರೆ ನೀರನ್ನು ನೇರ ಬಿಡಬೇಡಿ, ಬುಡಕ್ಕೆ ಡ್ರಿಪ್ ಹಾಕಿ, ಎಲೆ ಮೇಲೆ ಚಿಮುಕಿಸಬೇಡಿ, ಕೊಯ್ಲಿಗೆ ಕೆಲವು ದಿನ ಮುಂಚೆ ನಿಲ್ಲಿಸಿ ಅಂದೆ. ಡ್ರಿಪ್ ಆಗಲೇ ಇದೆಯಲ್ಲ ಅಂದರು.

ವಾಪಸು ಬಂದು ಫಲಿತಾಂಶವನ್ನು ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿಗೆ ತಿಳಿಸಬೇಕಿತ್ತು, ಅನುಮತಿಯ ಷರತ್ತೇ ಅದು. ಭಾನುವಾರ ಕ್ಲಬ್‌ಹೌಸಿನಲ್ಲಿ ಸಭೆ. ಮೊದಲ ಪ್ರಶ್ನೆಯೇ "ಪಾಸಾ, ಫೇಲಾ?" ಪಾಸು ಮಾಡಲು ಫೇಲು ಮಾಡಲು ಮಾನದಂಡವೇ ಇಲ್ಲ ಎಂದರೆ ಯಾರಿಗೂ ಸಮಾಧಾನವಾಗಲಿಲ್ಲ. ಒಬ್ಬರು ಎದ್ದು, ಉಳಿದ ಮಾತ್ರೆಗಳನ್ನು ಟಾಯ್ಲೆಟ್ಟಿಗೆ ಹಾಕುವವರಿಗೆ ದಂಡ ಹಾಕೋಣ ಎಂದರು. ಹಾಕಬಾರದು, ಸರಿಯೇ. ಆದರೆ ಅಮಾಕ್ಸಿಸಿಲಿನ್ ನುಂಗಿದರೆ ಸುಮಾರು 60 ಪ್ರತಿಶತ ಆರೆಂಟು ಗಂಟೆಯೊಳಗೆ ಹಾಗೇ ಮೂತ್ರದಲ್ಲಿ ಹೋಗುತ್ತದೆ ಅಂದಾಗ ಒಂದಷ್ಟು ಜನ ನಕ್ಕರು, ಒಂದಷ್ಟು ಜನ ನಗಲಿಲ್ಲ. ಶೀತಕ್ಕೆ ಅಜಿಥ್ರೊಮೈಸಿನ್ ತಗೊಳ್ಳೋದು ತಪ್ಪಾ ಎಂದು ಒಬ್ಬರು ಕೇಳಿದರು. ಶೀತ ವೈರಸ್ಸಿನದು, ಡಾಕ್ಟರ್ ಬರೆಯದೆ ತಗೊಳ್ಳಬೇಡಿ ಎಂದೆ. ಇಎಸ್‌ಬಿಎಲ್ ಕರುಳಲ್ಲಿದ್ದ ಮಾತ್ರಕ್ಕೆ ಕಾಯಿಲೆ ಅಲ್ಲ, ಇಲ್ಲಿ ಕೂತಿರುವ ಹಲವರಲ್ಲಿ, ಬಹುಶಃ ನನ್ನಲ್ಲೂ, ಇರಬಹುದು, ನಾಳೆ ಮೂತ್ರದ ಸೋಂಕಾಗಿ ಮಾಮೂಲಿ ಮಾತ್ರೆ ನಾಟದಿದ್ದಾಗ ಕಲ್ಚರ್ ಮಾಡಿಸಿ ಎಂದೂ ಹೇಳಿದೆ. ಆಗ ಸಭೆಯ ದನಿ ಬದಲಾಯಿತು. ಅಜ್ಜಿಯೊಬ್ಬರು ತಮಗೆ ಹೋದ ವರ್ಷ ಮೂರು ಬಗೆ ಮಾತ್ರೆ ಬದಲಿಸಿ ಕೊನೆಗೆ ಡ್ರಿಪ್ ಹಾಕಿಸಿಕೊಳ್ಳಬೇಕಾಗಿ ಬಂದದ್ದನ್ನು ಹೇಳತೊಡಗಿದರು.

ನಿರ್ಧಾರಗಳು ಸಣ್ಣವೇ. ಕ್ಲೋರಿನ್ ಡೋಸರ್ ರಿಪೇರಿ, ನೀರು ಕ್ಲೋರಿನ್ ಜೊತೆ ಕನಿಷ್ಠ ಅರ್ಧ ಗಂಟೆ ನಿಲ್ಲುವಂತೆ ವ್ಯವಸ್ಥೆ. ಮಕ್ಕಳಾಡುವ ಹುಲ್ಲಿನ ಸ್ಪ್ರಿಂಕ್ಲರ್ ತೆಗೆದು ಡ್ರಿಪ್. ಆಪರೇಟರ್‌ಗೆ ಮೊಣಕೈವರೆಗಿನ ರಬ್ಬರ್ ಗ್ಲೌಸು, ಗಂಬೂಟು, ಕೈ ತೊಳೆಯಲು ಪ್ರತ್ಯೇಕ ನಲ್ಲಿ. ನಲ್ಲಿಯ ಮಾತಿಗೆ ಒಬ್ಬರು ಖರ್ಚೆಷ್ಟು ಎಂದು ಕೇಳಿದ್ದು ನನಗೆ ಬೇಸರ ತರಿಸಿತು, ಹೇಳಲಿಲ್ಲ.

ರಿಪೇರಿಯಾದ ಮೇಲೆ ತೆಗೆದ ಸ್ಯಾಂಪಲ್‌ಗಳಲ್ಲಿ ಹೊರಹೋಗುವ ನೀರಿನ ಕಾಲೊನಿಗಳು ಇನ್ನೂ ಇಳಿದಿವೆ. ಸೆಫೊಟ್ಯಾಕ್ಸಿಮ್ ಪ್ಲೇಟು ಪೂರ್ತಿ ಖಾಲಿಯಾಗಿಲ್ಲ. ವರ್ಷಕ್ಕೆ ಎರಡು ಸಲ ಈ ಪರೀಕ್ಷೆ ಮಾಡಿಸೋಣ ಎಂದು ಅಸೋಸಿಯೇಷನ್ ಒಪ್ಪಿದೆ. ಬಜೆಟ್‌ನಲ್ಲಿ ಯಾವ ಹೆಸರಲ್ಲಿ ತೋರಿಸುವುದು ಎಂದು ಖಜಾಂಚಿಗೆ ಗೊತ್ತಾಗದೆ, ಸದ್ಯಕ್ಕೆ 'ಇತರೆ'ಗೆ ಹಾಕಿದ್ದಾರಂತೆ.